ಬಿಚ್ಚಿದ ಮನೆ

ಕೃಷ್ಣೆಯ ನೆರೆ ಇಳಿಯದೆ ಹನ್ನೊಂದು ವರ್ಷವಾಗಿತ್ತು. ಊರಿನ ಅರವತ್ತು ಮನೆಗಳೂ ಡ್ರಮ್ಮುಗಳ ಮೇಲೆ ತೇಲುತ್ತ, ಒಂದಕ್ಕೊಂದು ಹಗ್ಗ ಬಿಗಿದುಕೊಂಡು ನಿಂತಿದ್ದವು. ಕಾಲರಾ ಹೊಕ್ಕ ಮನೆಯನ್ನು ಬಿಚ್ಚಿ, ಹರಿವಿನ ಕೆಳಗೆ ಕೂಗು ಕೇಳುವಷ್ಟು ದೂರದಲ್ಲಿ ಲಂಗರು ಹಾಕಿ ನಿಲ್ಲಿಸುವುದು ಅಲ್ಲಿನ ರೂಢಿ. ಆ ಕೆಲಸ ಊರಿಗೆಲ್ಲ ಒಬ್ಬಳೇ ದಾದಿಯಾದ ಹುಲಿಗೆವ್ವನದು.

ಆ ಬೆಳಿಗ್ಗೆ ಅವಳು ಗಂಡ ಸತ್ತ ತಂಗಿ ರೇಣವ್ವನ ಮನೆಯ ಹಗ್ಗಕ್ಕೆ ಕೈ ಹಾಕಿದಳು. ರೇಣವ್ವ ಗೋಡೆಗೊರಗಿ ಕೂತಿದ್ದಳು. ಕಣ್ಣು ಗುಳಿಬಿದ್ದಿದ್ದವು.

“ಅಕ್ಕಾ, ನಾ ಹೋಗತೀನಿ. ಕೂಸಿನ್ನರ ಇಟ್ಟುಕೋ.”

“ಅದೂ ಅದೇ ನೀರು ಕುಡದೈತಲ್ಲವ್ವಾ.”

ಆರು ವರ್ಷದ ಚಂದ್ರಿ ಇನ್ನೂ ಆಡಿಕೊಂಡಿದ್ದಳು. ಔಷಧದ ದೋಣಿ ಬಾರದೆ ವಾರವಾಗಿತ್ತು. ಹುಲಿಗೆವ್ವ ಉಪ್ಪು, ಸಕ್ಕರೆಯ ಪೊಟ್ಟಣಗಳನ್ನು ಒಳಗಿಟ್ಟು ಹಗ್ಗ ಬಿಚ್ಚಿದಳು. ತಾನೂ ಜೊತೆಗೆ ಹೋದರೆ ರೂಢಿಯಂತೆ ಏಳು ದಿನ ಊರಿಗೆ ಮರಳುವಂತಿರಲಿಲ್ಲ. ಇತ್ತ ಜ್ವರ, ಬಾಣಂತನಗಳ ಒಂಬತ್ತು ಮನೆಯವರು ಅವಳ ದಾರಿ ಕಾಯುತ್ತಿದ್ದರು.

ಮನೆ ಕೆಳಗೆ ಲಂಗರಿಗೆ ನಿಂತ ಮೇಲೆ, ಆ ಕಡೆ ಹಾಯುವಾಗಲೆಲ್ಲ ಅವಳು ಊರಿನ ಅಂಚಿಗೆ ಬಂದು ಕೂಗುತ್ತಿದ್ದಳು: “ರೇಣವ್ವಾ, ಕುದಿಸಿದ ನೀರಿಗೆ ಉಪ್ಪು, ಸಕ್ಕರೆ ಹಾಕಿಕೊಂಡು ಗುಟುಕು ಗುಟುಕು ಕುಡಿ!”

“ಕುಡದೆ ಅಕ್ಕಾ!” ಎಂಬ ದನಿ ಪ್ರತಿ ಸಲವೂ ಸಣ್ಣದಾಗುತ್ತಿತ್ತು.

ಹೊತ್ತು ಇಳಿಯುವಾಗ ಉತ್ತರವೇ ಬರಲಿಲ್ಲ. ಹುಲಿಗೆವ್ವ ಗಂಟಲು ಹರಿಯುವಂತೆ ಕೂಗಿದಳು. ಕೊನೆಗೆ ಚಂದ್ರಿ ಲೋಟ ಹಿಡಿದು ಬಾಗಿಲಿಗೆ ಬಂದಳು.

“ದೊಡ್ಡವ್ವಾ, ಅವ್ವ ಏಳವಲ್ಲಳು. ನೀರೂ ಕುಡೀವಲ್ಲಳು.”

ಹುಲಿಗೆವ್ವ ಅಂಚಿನ ಹಗ್ಗ ಹಿಡಿದು ಮುಂದಕ್ಕೆ ಬಾಗಿದಳು.

“ಹಂಗಾದ್ರ ಅದನ್ನ ನೀನ ಕುಡಿ, ನನ್ನವ್ವಾ,” ಎಂದಳು.