ಆ ಮೂಲೆಗೆ ಬೆಳಕು ಬೇಡ

"ಕಳ್ಳ ಇಲ್ಲಿದ್ದಾನೆ ನೋಡು!" ಪುಟ್ಟ ತನ್ನ ಅಕ್ಕನ ಸ್ಟುಡಿಯೊದ ಕಂಪ್ಯೂಟರ್ ಪರದೆಗೆ ಬೆರಳು ಕುಟ್ಟಿದ. "ಕಾರಿನ ಹಿಂದೆ, ಮಹಡಿ ಮೆಟ್ಟಿಲ ಕೆಳಗೆ. ಕಾಣಿಸ್ತಾ?"

ಅಕ್ಕ ಕನ್ನಡಕ ಏರಿಸಿ ನೋಡಿದಳು, ಇಳಿಸಿ ನೋಡಿದಳು. "ಲೆನ್ಸ್ ಮೇಲಿನ ಕೊಳೆ ಕಣೋ. ಒರೆಸ್ಕೋ."

"ಕೊಳೆಗೆ ಭುಜ ಇರುತ್ತಾ?"

ಪುಟ್ಟ ಎಂದರೆ ಸಣ್ಣವನಲ್ಲ, ನಲವತ್ತು ದಾಟಿದ ಹಲ್ಲಿನ ಡಾಕ್ಟರು. ಅಪ್ಪ ಅಮ್ಮ ಹೋದ ಮೇಲೆ ಸಾಕಿ ಬೆಳೆಸಿದ ಅಕ್ಕನ ಬಾಯಲ್ಲಿ ಪುಟ್ಟನಾದವನು ಪುಟ್ಟನಾಗಿಯೇ ಉಳಿದಿದ್ದ. ಕೆಳಗಿನ ಮನೆ ಅವನದು, ಮಹಡಿ ಅಕ್ಕನದು. ಇಬ್ಬರಿಗೂ ಮದುವೆಯಾಗಿರಲಿಲ್ಲ. ಅವನು ಹುಡುಕಿ ತಂದ ಗಂಡುಗಳನ್ನೆಲ್ಲ ಅವಳು "ಈ ವಯಸ್ಸಲ್ಲಿ ನನಗ್ಯಾಕೋ" ಎಂದು ನಕ್ಕು ಸಾಗಹಾಕಿದ್ದಳು. ಅವನೋ, ಹಳೆಯದೊಂದು ಕೆಂಪು ಕಾರು ಕೊಂಡ ಮೇಲೆ ಅದಕ್ಕೆ ಸವತಿ ತರುವ ಯೋಚನೆಯನ್ನೇ ಬಿಟ್ಟಿದ್ದ.

ಕಾರುಪ್ರಿಯರ ಸಂಘದ ಕ್ಯಾಲೆಂಡರಿನ ಮೊದಲ ಪುಟದಲ್ಲಿ ಆ ಕಾರು ಬರಬೇಕು, ಅದೂ ರಾತ್ರಿಯ ಬೆಡಗಿನಲ್ಲಿ. ಇದು ಪುಟ್ಟನ ಹಟ. ಆದರೆ ಅವನು ತೆಗೆದ ಚಿತ್ರಗಳಲ್ಲಿ ನಂಬರ್ ಪ್ಲೇಟೊಂದೇ ಬಂಗಾರದ ಹಲ್ಲಿನ ಹಾಗೆ ಹೊಳೆದು, ಉಳಿದ ಕಾರೆಲ್ಲ ಮಸಿಯಾಗಿರುತ್ತಿತ್ತು. ಕೊನೆಗೆ ಸ್ಟುಡಿಯೊ ನಡೆಸುವ ಅಕ್ಕನೇ ಪಾಠ ಹೇಳಿದಳು.

"ಫ್ಲ್ಯಾಶ್ ಆರಿಸು. ಕ್ಯಾಮೆರಾನ ಸ್ಟ್ಯಾಂಡ್ ಮೇಲಿಟ್ಟು ಅರ್ಧ ನಿಮಿಷ ಕಣ್ಣು ತೆರೆಸಿಡು. ನೀನು ಕಪ್ಪು ಬಟ್ಟೆ ಹಾಕ್ಕೊಂಡು, ಟಾರ್ಚ್ ಆಡಿಸ್ತಾ ಕಾರಿನ ಸುತ್ತ ನಡಿ. ಎಲ್ಲೂ ನಿಲ್ಲಬೇಡ. ನಡೀತಾ ಇರೋರು ಫೋಟೊದಲ್ಲಿ ಬೀಳಲ್ಲ, ನಿಂತೋರು ಬೀಳ್ತಾರೆ."

ಪುಟ್ಟ ನಡೆದ. ಕಾರು ಮದುಮಗಳಂತೆ ಬಂದಿತ್ತು. ಜೊತೆಗೆ ಆ ನೆರಳೂ ಬಂದಿತ್ತು. ಕಾರು ಕದಿಯಲು ಬಂದವನೇ ಅದೆಂದು ಅವನಿಗೆ ಖಾತ್ರಿಯಾಯಿತು. ನೆಟ್ಟಗೆ ಪೊಲೀಸ್ ಠಾಣೆಗೆ ಓಡಿದ.

"ಅರ್ಧ ನಿಮಿಷ ಅಲುಗಾಡದೆ ನಿಂತಿದ್ದಾನೆ ಸಾರ್! ಎಂಥ ಪಳಗಿದ ಕಳ್ಳ ಇರಬೇಕು!"

ಇನ್ಸ್‌ಪೆಕ್ಟರ್ ಒಂದು ಲೋಟ ನೀರನ್ನು ಗಟಗಟ ಕುಡಿದರು. "ನೀವು ಅಲ್ಲೇ ಓಡಾಡ್ತಿದ್ರಲ್ಲ, ನಿಮಗೆ ಕಾಣಿಸಲಿಲ್ವಾ?"

"ಕೈಯಲ್ಲಿ ಟಾರ್ಚ್ ಇದ್ದರೆ ಅದರಾಚೆ ಏನೂ ಕಾಣಲ್ಲ ಸಾರ್."

"ಒಳ್ಳೇದಾಯ್ತು," ಎಂದ ಇನ್ಸ್‌ಪೆಕ್ಟರ್ ಕೆಮ್ಮಿದರು. "ಬಂದು ಹೇಳಿದ್ದು ಒಳ್ಳೇದಾಯ್ತು ಅಂದೆ. ಇನ್ಮೇಲೆ ಆ ಬೀದಿ ಗಸ್ತು ನಾನೇ ನೋಡ್ಕೋತೀನಿ. ನಾನೆಲ್ಲಿದ್ದೀನಿ ಅಂತ ಹುಡುಕೋಕೆ ಹೋಗಬೇಡಿ. ಮೆಟ್ಟಿಲ ಕಡೆಗೆ ಟಾರ್ಚ್ ಮಾತ್ರ ಬಿಡಲೇಬೇಡಿ, ಕಳ್ಳ ಹುಷಾರಾಗ್ತಾನೆ."

ಇಂಥವರಿಂದಲೇ ಊರು ಉಳಿದಿದೆ ಎಂದುಕೊಂಡು ಪುಟ್ಟ ಕಣ್ಣೊರೆಸಿಕೊಂಡ.

ಚಿತ್ರಗಳು ದಿನದಿನಕ್ಕೂ ಸುಧಾರಿಸಿದವು. ಅಕ್ಕನ ಮಾತಿನಂತೆ ನೆಲಕ್ಕೆ ನೀರು ಚೆಲ್ಲಿದ, ಮುಂದಿನ ಚಕ್ರ ಓರೆ ಮಾಡಿದ. ನೆರಳೂ ಸುಧಾರಿಸಿತು. ಮೊದಲಿಗಿಂತ ದಪ್ಪಗಾಯಿತು. ಅಕ್ಕ ಮಾತ್ರ ಪ್ರತಿ ಚಿತ್ರದಲ್ಲೂ ಆ ಮೂಲೆಯನ್ನು ಕಂಪ್ಯೂಟರಿನಲ್ಲಿ ಇನ್ನಷ್ಟು ಕಪ್ಪಾಗಿಸಿ, "ಹಿಂದೆ ಕಪ್ಪಿದ್ದರೇ ಕೆಂಪು ಎದ್ದು ಕಾಣೋದು" ಎನ್ನುತ್ತಿದ್ದಳು.

"ಒಂದ್ಸಲ ಸೇತುವೆ ಹತ್ತಿರ ತೆಗಿಯೋ. ಅಲ್ಲಿ ಚೆನ್ನಾಗಿರುತ್ತೆ."

"ಕಳ್ಳ ಬರೋ ಹೊತ್ತಲ್ಲಿ ನಿನ್ನೊಬ್ಬಳನ್ನೇ ಬಿಟ್ಟು ಹೋಗ್ಲಾ?"

ಅಕ್ಕ ಬೇರೆ ಕಡೆ ತಿರುಗಿ ನಕ್ಕಳು. ಈಚೆಗೆ ಅವಳು ನಗುವುದು ಹೆಚ್ಚಾಗಿತ್ತು. ಕಳ್ಳನ ಚಿಂತೆಯಲ್ಲಿ ತನಗೆ ನಿದ್ದೆಯಿಲ್ಲದಿದ್ದರೆ ಇವಳಿಗೆ ಹಾಡು ಗುನುಗುವ ಉಮೇದು ಬರುತ್ತದಲ್ಲ ಎಂದು ಪುಟ್ಟನಿಗೆ ಬೇಜಾರಾಯಿತು.

ಭಾನುವಾರ ಬೆಳಿಗ್ಗೆ ಸಂಘದ ಸಭಾಂಗಣ ತುಂಬಿತ್ತು. ಸದಸ್ಯರ ಚಿತ್ರಗಳನ್ನು ದೊಡ್ಡ ಪರದೆಯ ಮೇಲೆ ಎಲ್ಲರೆದುರು ತಿದ್ದಿ ತೋರಿಸಲು ಒಬ್ಬ ಹೆಸರಾಂತ ಛಾಯಾಗ್ರಾಹಕರು ಬಂದಿದ್ದರು. ಮುಖ್ಯ ಅತಿಥಿ ಇನ್ಸ್‌ಪೆಕ್ಟರ್. ಅವರೇ ಆಗಬೇಕೆಂದು ಪಟ್ಟು ಹಿಡಿದವನು ಪುಟ್ಟ. ಕೆಂಪು ಕಾರು ಇನ್ನೂ ಮನೆಯ ಮುಂದಿರುವುದು ಅವರ ಗಸ್ತಿನಿಂದ ಎಂದು ಅವನು ನಂಬಿದ್ದ. ಅಕ್ಕ ಮೊದಲ ಸಾಲಿನಲ್ಲಿದ್ದಳು. ಈ ಸಲ ಪುಟ್ಟ ಅವಳಿಗೆ ತೋರಿಸದೆ, ಕ್ಯಾಮೆರಾದ ಕಾರ್ಡನ್ನೇ ಬಿಚ್ಚಿ ಛಾಯಾಗ್ರಾಹಕರಿಗೆ ಕೊಟ್ಟುಬಿಟ್ಟಿದ್ದ.

"ಭೇಷ್!" ಎಂದರು ಛಾಯಾಗ್ರಾಹಕರು. "ಟಾರ್ಚ್ ಕೆಲಸ ಅಚ್ಚುಕಟ್ಟಾಗಿದೆ. ಯಾರು ಕಲಿಸಿದ್ದು?"

"ನಮ್ಮಕ್ಕ ಸಾರ್."

ಚಪ್ಪಾಳೆ ಬಿತ್ತು.

"ಆದರೆ ಈ ಹಿಂದಿನ ಮೂಲೆ ಪೂರ್ತಿ ಮುಳುಗಿಹೋಗಿದೆ. ಸ್ವಲ್ಪ ಬೆಳಕು ಕೊಡೋಣ."

"ಕೊಡಿ ಸಾರ್!" ಪುಟ್ಟ ಕುರ್ಚಿಯಿಂದ ಜಿಗಿದ. "ಅಲ್ಲೇ ನಿಂತಿದ್ದಾನೆ ಕಳ್ಳ. ಇನ್ಸ್‌ಪೆಕ್ಟರ್ ಸಾಹೇಬರೂ ಇಲ್ಲೇ ಇದ್ದಾರೆ, ಈಗಲೇ ಹಿಡಿಸಿಬಿಡೋಣ!"

"ತನಿಖೆಯ ವಿಷಯ, ಬಹಿರಂಗ ಮಾಡೋ ಹಾಗಿಲ್ಲ," ಇನ್ಸ್‌ಪೆಕ್ಟರ್ ಅರ್ಧ ಎದ್ದರು.

"ಕಪ್ಪಿದ್ದರೇ ಚೆಂದ!" ಅಕ್ಕ ಪೂರ್ತಿ ಎದ್ದಳು.

ಛಾಯಾಗ್ರಾಹಕರು ಯಾರ ಮಾತನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ. ಬೆಳಕು ಮೆಲ್ಲಗೆ ಏರಿತು. ಮೊದಲು ಮೆಟ್ಟಿಲು ಕಂಡಿತು. ಆಮೇಲೆ ಒಂದು ಜೊತೆ ಬೂಟು. ಅದರ ಎದುರಿಗೆ ಒಂದು ಜೊತೆ ಚಪ್ಪಲಿ.

"ಇಬ್ಬರಿದ್ದಾರೆ!" ಪುಟ್ಟ ಕಿರುಚಿದ.

ಬೆಳಕು ಇನ್ನೊಂದು ಚೂರು ಏರಿತು. ಪೊಲೀಸ್ ಟೋಪಿಯನ್ನು ತಲೆಗಿಟ್ಟುಕೊಂಡು, ಬಾಯಿಗೆ ಸೆರಗು ಒತ್ತಿ, ನಗು ತಡೆದು ನಿಂತಿದ್ದವಳು ಅಕ್ಕ. ಅವಳ ಇನ್ನೊಂದು ಕೈಯನ್ನು ಎರಡೂ ಕೈಯಲ್ಲಿ ಹಿಡಿದು, ಬರಿದಲೆಯಲ್ಲಿ, ಉಸಿರೂ ಬಿಡದೆ ನಿಂತಿದ್ದವರು ಇವತ್ತಿನ ಮುಖ್ಯ ಅತಿಥಿಗಳು.

ಪುಟ್ಟ ಪರದೆ ನೋಡಿದ, ಅಕ್ಕನನ್ನು ನೋಡಿದ, ವೇದಿಕೆ ನೋಡಿದ, ಆಮೇಲೆ ಸಭಾಂಗಣ ಹಾರಿಹೋಗುವಂತೆ ಕೂಗಿದ: "ಬೆಳಕು ಇಳಿಸ್ರೀ, ನಮ್ಮ ಭಾವ ನಾಚ್ಕೋತಿದ್ದಾರೆ!"