ಕಡಿಮೆ ಬಿದ್ದ ಪುಸ್ತಕ

ಮೆಥಡಿಸ್ಟ್ ಚರ್ಚಿನ ಬೋಧಕರ ತರಬೇತಿ ಪುಸ್ತಕಗಳನ್ನೆಲ್ಲ ಹೊಸ ಕೇಂದ್ರಕ್ಕೆ ಸಾಗಿಸಲು ಜಿಲ್ಲಾ ಮೇಲ್ವಿಚಾರಕರು ಜೀಪು ತಂದಿದ್ದರು. ಅಲಮಾರಿನಲ್ಲಿ ಒಂದು ಪುಸ್ತಕ ಕಡಿಮೆ ಬಿದ್ದಿತ್ತು.

"ಯಾರು ಒಯ್ದಾರ?"

"ಬಿಡ್ರಿ ಅಯ್ನೋರೆ, ಹಳೇ ಮಾತು," ಎಂದರು ಮೂವತ್ತು ವರ್ಷದಿಂದ ಆ ಅಲಮಾರು ಕಾಯುತ್ತಿದ್ದ ಸಲೋಮಿಯಮ್ಮ.

"ಪುಸ್ತಕ ನುಂಗಿದವ್ರು ಇನ್ನ ಚರ್ಚಿನ್ಯಾಗ ನಿಂತು ಪ್ರಸಂಗ ಮಾಡಂಗಿಲ್ಲಂತ ಆರ್ಡರಿಗೆ ಸಹಿ ಹಾಕೀನಿ. ಹೆಸರು ಹೇಳ್ರಿ."

"ನನ್ನ ಹೆಸರೇ ಬರ್ಕೋರಿ."

"ನಿಮ್ಮನ್ನ ಕೆಲಸದಿಂದ ತೆಗೀಬೇಕಾಗ್ತದ."

"ತೆಗೀರಿ."

ಮೇಲ್ವಿಚಾರಕರು, ಪುಸ್ತಕ ಒಯ್ದವರು ಬರೆದಿಡುವ ರಿಜಿಸ್ಟರನ್ನು ಆಕೆಯ ಕೈಯಿಂದ ಕಿತ್ತುಕೊಂಡು ಹಾಳೆ ತಿರುವತೊಡಗಿದರು. ಇಪ್ಪತ್ತು ವರ್ಷದ ಹಿಂದಿನ ಪುಟವೊಂದರಲ್ಲಿ, ತಾವು ತರಬೇತಿಗೆ ಬಂದಿದ್ದಾಗಿನ ತಮ್ಮದೇ ಗುಂಡು ಅಕ್ಷರಗಳು ಕಂಡವು: "ನನ್ನ ಮೊದಲ ಪ್ರಸಂಗ ಮುಗಿಸಿ, ಬರುವ ಭಾನುವಾರ ತಪ್ಪದೆ ಹಿಂದಿರುಗಿಸುವೆ."