ಮುಖ ತೊಳೆದ ಮನೆ

“ಆ ಹಳದಿ ಬೇಡ! ಮನೆಗೆ ಕಾಮಾಲೆ ಬಂದ ಹಾಗಿದೆ!”

ಕೂಗು ಬಂದದ್ದು ರಸ್ತೆಯಾಚೆಯಿಂದ. ಏಣಿಯ ಮೇಲಿದ್ದ ಇನಾಸ್ ಕುಂಚ ಹಿಡಿದುಕೊಂಡೇ ಕಣ್ಣು ಮುಚ್ಚಿದ. ಬೆಳಗಿನಿಂದ ಇದು ಮೂರನೆಯ ಹಳದಿ. ಮೊದಲನೆಯದು ಸಾರು ಚೆಲ್ಲಿದ ಹಾಗಿದೆ ಎಂದಿದ್ದಳು ಅಪೊಲಿನ್ ಬಾಯಿ. ಎರಡನೆಯದಕ್ಕೆ ಮಾತೂ ಇಲ್ಲ, ಬರೀ ಮೂಗು ಮುರಿದಿದ್ದಳು.

“ಮಾಯ್, ಒಂದ್ಸಲ ಹತ್ತಿರ ಬಂದು ನೋಡಬಾರದಾ?”

“ಮನೆ ಮುಖಾನ ಯಾರಾದ್ರೂ ಹತ್ತಿರದಿಂದ ನೋಡ್ತಾರೇನೋ? ಇಲ್ಲಿಂದ ಹೆಂಗೆ ಕಾಣುತ್ತೆ ಅನ್ನೋದು ಮುಖ್ಯ. ನೀನು ಬಳಿ, ನಾನು ನೋಡ್ತೀನಿ.”

ಇನಾಸ್ ಮಡಗಾಂವಿನವನು. ಈ ಹಳ್ಳಿಯೂ ಹೊಸದು, ಈ ಹೆಂಗಸೂ ಹೊಸಬಳು. ಮಳೆಗಾಲ ಮುಗಿಯುತ್ತಲೇ ಹೇಳಿಕಳಿಸಿದ್ದಳು. ಬಂದು ನೋಡಿದರೆ ಮನೆ ಗಟ್ಟಿಮುಟ್ಟು, ಮುಖ ಮಾತ್ರ ಮೂರಾಬಟ್ಟೆ. ಗಾರೆ ಹಪ್ಪಳದ ಹಾಗೆ ಎದ್ದಿತ್ತು. ಕಿಟಕಿಗಳಿಗೆ ಗಾಜಿನ ಬದಲು ಕೂರಿಸಿದ್ದ ಸಿಂಪಿ ಚಿಪ್ಪುಗಳು ಕಪ್ಪಿಟ್ಟಿದ್ದವು. ಮುಂಜಗಲಿಯಲ್ಲಿ ಸಂಜೆ ಹೊತ್ತು ಕೂರಲೆಂದು ಕಟ್ಟಿದ್ದ ಕಲ್ಲುಪೀಠಗಳ ಮೇಲೆ ಪಾಚಿಯೇ ಯಜಮಾನಿಕೆ ಮಾಡುತ್ತಿತ್ತು.

“ಶನಿವಾರ ಬೊನಿಫಾಸ್ ಬರ್ತಾನೆ, ಲಿಸ್ಬನ್ನಿಂದ,” ಎಂದಿದ್ದಳು ಆಕೆ ಮೊದಲ ದಿನವೇ. “ಎರಡು ದಿನ ಇದ್ದು ಸೋಮವಾರ ಹೊರಟೆ ಅಂತ ಫೋನ್ ಮಾಡಿದಾನೆ. ಈ ಸಲ ಹೋದ್ರೆ ಮುಗೀತು. ಮತ್ತೆ ಬರೋ ವಯಸ್ಸಲ್ಲ ಅವನದು. ಟ್ಯಾಕ್ಸಿ ಇಳಿದು ಈ ಮುಖ ನೋಡಿದ್ಮೇಲೆ ಅವನಿಗೆ ಹೋಗೋ ಮನಸ್ಸಾಗಬಾರದು. ಅಷ್ಟು ಮಾಡಿಕೊಡು, ಸಾಕು.”

ಇನಾಸ್‌ಗೆ ಎಲ್ಲ ಅರ್ಥವಾಗಿಹೋಯಿತು. ಹಳೆ ಮನೆಗೆ ಹೀಗೆ ಅವಸರದಲ್ಲಿ ಬಣ್ಣ ಏರಿತೆಂದರೆ ಅಲ್ಲೊಂದು ಮದುವೆ ಇದೆ ಎಂದೇ ಲೆಕ್ಕ. ಅಪೊಲಿನ್ ಬಾಯಿಗೆ ಅರವತ್ತು ದಾಟಿತ್ತು, ಬೆರಳಲ್ಲಿ ಮದುವೆಯ ಉಂಗುರ ಇರಲಿಲ್ಲ. ಇರಲಿ, ಮುಖ ನೋಡಿ ಮಣೆ ಹಾಕುವ ಲೋಕ. ಮದುಮಗಳ ಬದಲು ಮನೆಗೇ ಶೃಂಗಾರ ಮಾಡಿದರಾಯಿತು ಎಂದುಕೊಂಡ.

“ಕಿಟಕಿ ಒಳಗಡೆಯಿಂದಲೂ ತೊಳೀಲಾ, ಮಾಯ್? ಬಾಗಿಲು ತೆಗೆದ್ರೆ...”

“ಹೊರಗಿಂದ ಸಾಕು. ಒಳಗೆ ಕೂತು ನೋಡೋರು ಯಾರಿದಾರೆ?”

ಪಾವ್ ಮಾರುವ ಮುದುಕ ಮಿಂಗೆಲ್ ಸೈಕಲ್ ನಿಲ್ಲಿಸಿದವನು ಹಾರ್ನ್ ಒತ್ತುವುದನ್ನೂ ಮರೆತು ನಿಂತ. “ಅಯ್ಯೋ ದೇವರೇ! ಮಾಯ್, ಬೊನಿಫಾಸ್ ಬಾಬ್‌ಗೆ ಗೊತ್ತಾ ಇದು?”

“ಗೊತ್ತಾದ್ರೆ ಬೇಡ ಅಂತಾನೆ. ಅವನು ಯಾವತ್ತು ಯಾವುದಕ್ಕೆ ಹೂಂ ಅಂದಿದಾನೆ?”

“ಆ ಕಾಲದಲ್ಲೇ ನೀವು ಬಾಯಿ ಬಿಟ್ಟು ಕೇಳಿದ್ದಿದ್ರೆ ಹೂಂ ಅಂತಿದ್ರೇನೋ!”

“ನಡೆಯೋ, ನಿನ್ನ ಪಾವ್ ಆರಿಹೋಗುತ್ತೆ.” ಹೀಗೆ ಗದರಿದರೂ ಆಕೆಯ ಕಿವಿ ಕೆಂಪಾದದ್ದು ಏಣಿಯ ಮೇಲಿಂದಲೂ ಕಾಣಿಸಿತು.

ಚಹಾ ಹೊತ್ತಿಗೆ ಸರಿಯಾಗಿ ಬರುತ್ತಿತ್ತು. ಕೆಟಲಿನ ಮೇಲೆ ಬಟ್ಟೆ ಮುಚ್ಚಿ, ಚಪ್ಪಲಿ ಪಟಪಟಿಸುತ್ತಾ ಆಕೆಯೇ ತರುತ್ತಿದ್ದಳು. ತಂದಿಟ್ಟವಳೇ ಮತ್ತೆ ರಸ್ತೆಯಾಚೆಗೆ. ಅಲ್ಲಿನ ಜಗಲಿಯ ನೆರಳಲ್ಲಿ ಬೆತ್ತದ ಕುರ್ಚಿ, ಕುರ್ಚಿಯಲ್ಲಿ ಆಕೆ, ಕೈಯಲ್ಲೊಂದು ಬೀಸಣಿಗೆ.

“ಅಲ್ಲಿ ಕೂರಬೇಡಿ ಮಾಯ್,” ಎಂದ ಇನಾಸ್ ಒಮ್ಮೆ. “ಆ ಮನೆ ಗಾರೆ ಯಾವಾಗ ತಲೆ ಮೇಲೆ ಬೀಳುತ್ತೋ!”

“ತಲೆ ಮೇಲೆ ಬಿದ್ರೆ ಬೀಳಲಿ, ಕಣ್ಣಿಗೆ ಬೀಳಲ್ಲವಲ್ಲ.”

ನಾಲ್ಕನೆಯ ಹಳದಿ ಪಾಸಾಯಿತು. ಕಿಟಕಿಗಳ ಸುತ್ತ ಬಿಳಿ ಅಂಚು, ಬುಡಕ್ಕೆ ನೀಲಿ ಪಟ್ಟೆ. ಉಜ್ಜಿದ ಚಿಪ್ಪುಗಳು ಮೀನಿನ ಹೊಟ್ಟೆಯ ಹಾಗೆ ಮಿನುಗಿದವು. ಕಟ್ಟಕಡೆಗೆ ಅಪೊಲಿನ್ ಬಾಯಿ ತನ್ನ ಗುಲಾಬಿ ಕುಂಡಗಳನ್ನೂ ಒಂದೊಂದಾಗಿ ಏದುಸಿರು ಬಿಡುತ್ತಾ ಹೊತ್ತು ತಂದು ಮೆಟ್ಟಿಲಿಗೆ ಜೋಡಿಸಿದಳು.

ಶನಿವಾರ ಟ್ಯಾಕ್ಸಿಯ ಸದ್ದು ಕೇಳುತ್ತಲೇ ಆಕೆ ಇನಾಸ್‌ನನ್ನು ದರದರ ಎಳೆದುಕೊಂಡು ರಸ್ತೆ ದಾಟಿ, ತನ್ನ ಕುರ್ಚಿಯ ಪಕ್ಕ ನಿಲ್ಲಿಸಿಕೊಂಡಳು. “ಉಸಿರೆತ್ತಬೇಡ.”

ಟೋಪಿ ಹಾಕಿದ ತೆಳ್ಳನೆಯ ಮುದುಕ ಇಳಿದ. ಹಳದಿ ಗೋಡೆ ನೋಡಿದ. ಟೋಪಿ ತೆಗೆದ. “ಸರಿಯಾದ ಮನೆಗೇ ತಂದೆಯೇನಪ್ಪಾ?” ಎಂದು ಡ್ರೈವರನ್ನು ಕೇಳಿದ. ಆಮೇಲೆ ಕೋಟಿನ ಜೇಬಿನಿಂದ ಗೇಣುದ್ದದ ಕಬ್ಬಿಣದ ಬೀಗದಕೈ ತೆಗೆದು, ಮೆಟ್ಟಿಲು ಹತ್ತಿ, ಮುಂಬಾಗಿಲು ತೆರೆದ.

ಇನಾಸ್‌ನ ಬಾಯಿ ಬಾಗಿಲಿಗಿಂತ ದೊಡ್ಡದಾಗಿ ತೆರೆಯಿತು. “ಮಾಯ್! ನಿಮ್ಮ ಮನೆ ಬೀಗದಕೈ ಅವರ ಹತ್ರ ಹೆಂಗೆ?”

“ನನ್ನದು ನನ್ನ ಜೇಬಲ್ಲೇ ಇದೆ,” ಎಂದು ಆಕೆ ಗೌನಿನ ಜೇಬು ತಟ್ಟಿ ಸದ್ದು ಮಾಡಿದಳು. “ಅದು ಅವನ ಮನೆ. ಅವರಪ್ಪನ ಕಾಲದ್ದು.”

ಇನಾಸ್ ನಿಧಾನಕ್ಕೆ ಹಿಂತಿರುಗಿ, ತಾನು ನಿಂತಿದ್ದ ಜಗಲಿಯ ಉದುರುವ ಗೋಡೆ ನೋಡಿದ. “ಹಾಗಾದ್ರೆ... ಇದು?”

“ನನ್ನದು.”

“ನಿಮ್ಮದನ್ನ ಹಿಂಗೆ ಬಿಟ್ಟು ಅವರದಕ್ಕೆ ಬಣ್ಣ ಹೊಡೆಸಿದ್ರಾ?”

“ಬೆಳಿಗ್ಗೆ ಸಂಜೆ ಇಲ್ಲಿ ಕೂತು ಅದನ್ನ ನೋಡೋಳು ನಾನು ತಾನೆ? ನನ್ನ ಮನೆ ಮುಖ ನನಗೆಲ್ಲಿ ಕಾಣುತ್ತೆ, ಪೆದ್ದ!”

ಬೊನಿಫಾಸ್ ಹೊರಗೆ ಬಂದ. ಕಲ್ಲುಪೀಠದ ಮೇಲೆ ಕುಳಿತು ಈ ಕಡೆ ನೋಡತೊಡಗಿದ. ನೋಡಿಯೇ ನೋಡಿದ. ಅಪೊಲಿನ್ ಬಾಯಿಯ ಬೀಸಣಿಗೆ ನಿಂತುಹೋಗಿತ್ತು. ಗೌನಿನ ಅಂಚು ಬೆರಳಿಗೆ ಸುತ್ತಿಕೊಳ್ಳುತ್ತಿತ್ತು.

“ಸಾಹೇಬ್ರೇ, ಸೋಮವಾರ ಎಷ್ಟೊತ್ತಿಗೆ ಬರಲಿ?” ಎಂದ ಡ್ರೈವರ್.

“ಬರಲೇಬೇಡ,” ಎಂದ ಬೊನಿಫಾಸ್, ಈ ಕಡೆಯಿಂದ ಕಣ್ಣು ಕೀಳದೆ. “ಏ ಬಣ್ಣದವನೇ! ಅಪೊಲಿನ್ ಮನೆಗೆ ಏಣಿ ಹಾಕು. ಇನ್ನುಮೇಲೆ ದಿನಾ ಸಂಜೆ ಇಲ್ಲಿ ಕೂತು ಅದನ್ನ ನೋಡಬೇಕಾದೋನು ನಾನು!”